ಒಟಿಪಿಗೋಸ್ಕರ ರಾತ್ರಿ ಗೇಟಿನ ತನಕ ಹೋಗಬೇಡಿ

ನಮ್ಮ ಕೊಡಗಿನ ಸಿದ್ದಾಪುರ ಕಡೆಯಿಂದ ಒಬ್ಬ ತಂಗಿ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಲ್ಲ. ಆದರೆ ಪತ್ರ ಓದಿದಾಗಿನಿಂದ ನನಗೆ ಸಮಾಧಾನ ಇಲ್ಲ.

ವಿಷಯ ಇಷ್ಟು. ದಸರಾ ಹತ್ತಿರ ಬಂತು ಅಂದರೆ ಆನ್‌ಲೈನ್ ಸೇಲ್‌ನ ಕೆಲಸ ಪೂರಾ ಇವರ ತಲೆ ಮೇಲೆ. ಬೆಂಗಳೂರಿನಲ್ಲಿರುವ ನಾದಿನಿ ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಪಟ್ಟಿ ಹಾಕುತ್ತಾರೆ. ಅಮ್ಮನಿಗೆ ಸೀರೆ, ಅಪ್ಪನಿಗೆ ಸ್ವೆಟರ್, ಅಡುಗೆಮನೆಗೆ ಹೊಸ ಮಿಕ್ಸಿ, ಮಕ್ಕಳಿಗೆ ಟ್ಯಾಬ್. ಇವರು ಶಾಲೆಯಲ್ಲಿ ಟೀಚರ್, ತಿಂಗಳ ಸಂಬಳ ಇದೆ, ಕ್ರೆಡಿಟ್ ಕಾರ್ಡ್ ಇದೆ. ಹಾಗಾಗಿ ಆರ್ಡರ್ ಮಾಡುವುದು, ದುಡ್ಡು ಕಟ್ಟುವುದು, ಕೊರಿಯರ್‌ನವರು ಪೇಟೆಯ ಅಂಗಡಿಯಲ್ಲಿ ಇಟ್ಟು ಹೋದದ್ದನ್ನು ಶಾಲೆ ಬಿಟ್ಟ ಮೇಲೆ ಹೊತ್ತು ತರುವುದು, ಸೈಜ್ ಸರಿಯಿಲ್ಲ ಅಂದರೆ ವಾಪಸ್ ಕಳಿಸುವುದು ಎಲ್ಲಾ ಇವರೇ. ಗಂಡನನ್ನು ಕೇಳಿದರೆ "ನಿಂಗೆ ಗೊತ್ತಾಗುತ್ತಲ್ಲ, ನೋಡ್ಕೋ" ಅಂತಾರೆ. ನಿದ್ದೆ ಇಲ್ಲ, ತಲೆನೋವು, ಮಕ್ಕಳ ಮೇಲೆ ರೇಗಾಟ. ಈ ಟೆನ್ಷನ್ ಹೇಗೆ ಕಮ್ಮಿ ಮಾಡಿಕೊಳ್ಳೋದು ಅನ್ನುವುದು ಪ್ರಶ್ನೆ.

ತಂಗಿ, ಟೆನ್ಷನ್ ವಿಷಯ ಆಮೇಲೆ. ಪತ್ರದ ಮಧ್ಯೆ ನೀವು ಸುಮ್ನೆ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ: "ಸೇಲ್ ರಾತ್ರಿ 12ಕ್ಕೆ ಶುರು, ಮನೆಯೊಳಗೆ ನೆಟ್‌ವರ್ಕ್ ಸಿಗಲ್ಲ, ಒಟಿಪಿಗೆ ಗೇಟ್ ಹತ್ತಿರ ಹೋಗಬೇಕು, ಟಾರ್ಚ್ ಇರುತ್ತೆ, ಅಭ್ಯಾಸ ಆಗಿದೆ."

ಅಭ್ಯಾಸ ಆಗಿದೆಯಾ? ಸಿದ್ದಾಪುರದ ತೋಟದಲ್ಲಿ, ರಾತ್ರಿ 12 ಗಂಟೆಗೆ? ಆಳೆತ್ತರದ ರೊಬಸ್ಟಾ ಕಾಫಿ ಗಿಡಗಳ ನಡುವೆ ಆನೆ ಅಲುಗಾಡದೆ ನಿಂತರೆ ಹಗಲಲ್ಲೇ ಹತ್ತಿರ ಹೋಗುವವರೆಗೆ ಕಾಣುವುದಿಲ್ಲ ಅಂತ ಅಲ್ಲೇ ಬದುಕುವ ನಿಮಗೆ ನಾನು ಹೇಳಬೇಕಾ. ಮಳೆ ಹನಿಯುತ್ತಿರುವಾಗ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನ್, ಕಂಕುಳಲ್ಲಿ ಟಾರ್ಚ್, ಕಣ್ಣು ಪೂರಾ ಸ್ಕ್ರೀನ್ ಮೇಲೆ. ಬೆಳಿಗ್ಗೆ ಕೆಲಸಕ್ಕೆ ಹೊರಟ ತೋಟದ ಕಾರ್ಮಿಕರು ಆನೆ ದಾಳಿಗೆ ಸಿಕ್ಕಿ ಸತ್ತ ಸುದ್ದಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಸಲ ಓದಿದ್ದೇವೆ. ಅವರು ಹೊಟ್ಟೆಪಾಡಿಗೆ ಹೋದವರು. ನೀವು ಹೋಗಿದ್ದು ಮಿಕ್ಸಿಗೆ.

ನನಗೆ ಕೋಪ ಬಂದಿರುವುದು ನಿಮ್ಮ ನಾದಿನಿ ಮೇಲೆ. ಅಪ್ಪ ಅಮ್ಮನಿಗೆ ಕೊಡಿಸುವ ಆಸೆ ಇದ್ದರೆ ಬೆಂಗಳೂರಿನ ಮನೆಯ ವೈಫೈನಲ್ಲಿ ಕೂತು ಅವರೇ ಕೊಡಿಸಬಹುದು. ಪಟ್ಟಿ ಅವರದು, ಪ್ರೀತಿಯ ಹೆಸರೂ ಅವರದು, ಬಿಲ್ ಮಾತ್ರ ಅತ್ತಿಗೆಯದು. ಇದು ಯಾವ ನ್ಯಾಯ?

ಗಂಡನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಮಳೆ ನಿಲ್ಲುವ ಹೊತ್ತಿಗೆ ತೋಟದಲ್ಲಿ ಕಳೆ, ಗೊಬ್ಬರ ಅಂತ ಕೆಲಸ ಜಾಸ್ತಿ, ಸುಸ್ತಾಗಿ ಮಲಗಿರುತ್ತಾರೆ. ನೀವು ಎದ್ದು ಹೋಗುವುದು ಅವರಿಗೆ ಗೊತ್ತಾ? ಪತ್ರದಲ್ಲಿ ಎಲ್ಲೂ ಇಲ್ಲ. ಇವತ್ತೇ ಹೇಳಿ.

ಇನ್ನು ದುಡ್ಡು. ಈ ಅಂಕಣದಲ್ಲಿ ನಾನು ಮತ್ತೆ ಮತ್ತೆ ಹೇಳುವ ಮಾತು, ಇನ್ನೂ ಹೇಳುತ್ತೇನೆ: ಫಸಲಿನ ದುಡ್ಡು ಕೈಗೆ ಬರುವ ಮುಂಚೆ ಹಬ್ಬಕ್ಕೆ ಸಾಲ ಬೇಡ. ಸೇಲ್ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ರೊಬಸ್ಟಾ ಕೊಯ್ಲು ಜೋರಾಗುವುದು ಜನವರಿಯಲ್ಲಿ, ಅದನ್ನು ಕಣದಲ್ಲಿ ಒಣಗಿಸಿ ಮಾರಿ ದುಡ್ಡು ಕಾಣುವ ಹೊತ್ತಿಗೆ ಬೇಸಿಗೆ. ಅಷ್ಟರಲ್ಲಿ ಕೊಯ್ಲಿನವರಿಗೆ ಕೂಲಿ ಬೇರೆ ಕೊಡಬೇಕು. ಈ ನಾಲ್ಕೈದು ತಿಂಗಳು ಕಂತು ಕಟ್ಟುವುದು ನಿಮ್ಮ ಒಂದು ಸಂಬಳ. ಒಂದು ತಿಂಗಳು ತಪ್ಪಿದರೆ ಕಾರ್ಡ್‌ನವರು ಹಾಕುವ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೇ ಶೇ 3ಕ್ಕಿಂತ ಜಾಸ್ತಿ, ವರ್ಷಕ್ಕಲ್ಲ. "ನೋ ಕಾಸ್ಟ್ ಇಎಂಐ" ಅಂದರೂ ಬಡ್ಡಿ ಇದ್ದೇ ಇರುತ್ತದೆ, ಅದನ್ನು ರಿಯಾಯಿತಿ ಅಂತ ತೋರಿಸಿ ಸರಿದೂಗಿಸುತ್ತಾರೆ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ, ಬಹಳ ಕಡೆ ಪ್ರೊಸೆಸಿಂಗ್ ಫೀಸ್ ಕೂಡ. ಕಳೆದ ಸಲದ ಸ್ಟೇಟ್‌ಮೆಂಟ್ ತೆಗೆದು ನೋಡಿ.

"ಇನ್ನು 2 ಮಾತ್ರ ಉಳಿದಿದೆ" ಅಂತ ಕೆಂಪು ಅಕ್ಷರ ಕಂಡರೆ ಕೈ ನಡುಗುತ್ತದೆ ಅಂದಿರಿ. ಅದನ್ನು ಹಾಕುವುದೇ ಕೈ ನಡುಗಲಿ ಅಂತ. ಇಲ್ಲದ ಅವಸರ ಹುಟ್ಟಿಸುವುದು, ಕೇಳದೇ ಇದ್ದದ್ದನ್ನು ಕಾರ್ಟ್‌ಗೆ ಸೇರಿಸುವುದು, ಇಂಥ 13 ಬಗೆಯ ಮೋಸಗಳನ್ನು ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲೇ ಮಾರ್ಗಸೂಚಿ ತಂದು ನಿಷೇಧಿಸಿದೆ. ಹಾಗೇನಾದರೂ ಆದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ.

ಯೋಗ ಮಾಡಿ, ಉಸಿರು ಎಳೆದು ಬಿಡಿ ಅಂತೆಲ್ಲ ನಾನು ಹೇಳುವುದಿಲ್ಲ. ಒಂದೇ ಕೆಲಸ ಮಾಡಿ. ಇವತ್ತು ಸಂಜೆ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಗ್ರೂಪಿಗೆ ಬರೆಯಿರಿ: "ಈ ವರ್ಷ ಆರ್ಡರ್ ಮಾಡೋ ಕೆಲಸ ನನ್ನಿಂದ ಆಗಲ್ಲ. ಯಾರಿಗೆ ಏನು ಕೊಡಿಸಬೇಕೋ ಅವರವರೇ ಕೊಡಿಸಿ." ಕಾರಣ ಬರೆಯಬೇಡಿ, ಸಾರಿ ಅಂತಲೂ ಬರೆಯಬೇಡಿ. ನಾದಿನಿ ಫೋನ್ ಮಾಡಿದರೆ ಅವರ ಅಣ್ಣನೇ ಮಾತಾಡಲಿ.

ಅತ್ತೆಗೆ ಬೇಜಾರಾಗುತ್ತೆ ಅಂತ ಹೆದರಿದ್ದೀರಿ. ಅವರನ್ನು ಒಂದು ದಿನ ಬೆಳಿಗ್ಗೆಯೇ ವಿರಾಜಪೇಟೆಗೆ ಕರೆದುಕೊಂಡು ಹೋಗಿ, ಅಂಗಡಿಯಲ್ಲಿ ಕೂರಿಸಿ, ಸೀರೆ ಬಿಚ್ಚಿಸಿ, ಸೆರಗು ಮುಟ್ಟಿ ನೋಡಿ ಅವರೇ ಆರಿಸಲಿ. ಊಟ ಮಾಡಿಕೊಂಡು ಕತ್ತಲಾಗುವ ಮುಂಚೆ ಮನೆ ಸೇರಿಕೊಳ್ಳಿ.