ಫೋನು, ಗೇಮು, ಕೈಗಾ: ಮೂರರಲ್ಲೂ ನಾನು ನೋಡೋದು ಬಾಳಿಕೆ

ನೀವು ಕೇಳಿರೋದು ಇಷ್ಟು: ಫೋನು-ಗ್ಯಾಜೆಟ್, ವಿಡಿಯೋ ಗೇಮ್, ಅಣು ವಿದ್ಯುತ್, ಈ ಮೂರರ ಬಗ್ಗೆ ಸುತ್ತಲಿನವರು ಒಪ್ಪದಿದ್ದರೂ ನೀವು ಬಿಟ್ಟುಕೊಡದ ಅಭಿಪ್ರಾಯ ಯಾವುದು?

ಮೂರಕ್ಕೂ ನನ್ನದು ಒಂದೇ ಅಳತೆ. ಎಷ್ಟು ಹೊಸದು ಅಂತ ನೋಡಬೇಡಿ. ಕೆಟ್ಟರೆ ರಿಪೇರಿ ಆಗುತ್ತಾ, ಎಷ್ಟು ವರ್ಷ ಬಾಳಿಕೆ ಬರುತ್ತೆ ಅಂತ ನೋಡಿ. ಹಾಗೆ ನೋಡಿದರೆ ನಮ್ಮ ರಾಜ್ಯದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಗೌರವ ಇರೋ ಯಂತ್ರ ಕೈಗಾ ಅಣು ವಿದ್ಯುತ್ ಸ್ಥಾವರದ ಒಂದನೇ ಘಟಕ. ಇದನ್ನು ಹೇಳಿದರೆ ಗೆಳೆಯರು ಜಗಳಕ್ಕೇ ಬರುತ್ತಾರೆ.

ನಾನು ದಾವಣಗೆರೆಯಲ್ಲಿ ಮೊಬೈಲ್ ಸರ್ವೀಸ್ ಅಂಗಡಿ ನಡೆಸುತ್ತೇನೆ. ಊರು ಹೊಳಲ್ಕೆರೆ ಕಡೆ, ಅಲ್ಲಿ ಅಡಿಕೆ ತೋಟ ಇದೆ. ಅದಕ್ಕೇ ಕರೆಂಟಿನ ವಿಷಯ ನನಗೆ ದೂರದ್ದಲ್ಲ.

ಮೊದಲು ಫೋನು. ದಿನಾ ಟೇಬಲ್ ಮೇಲೆ ಬರೋ ದೂರು ಎರಡೇ: ಡಿಸ್‌ಪ್ಲೇ ಒಡೆದಿದೆ, ಬ್ಯಾಟರಿ ನಿಲ್ಲಲ್ಲ. ಬ್ಯಾಟರಿ ಹಾಕೋದು ಮೊದಲು ಉಗುರಲ್ಲಿ ಹಿಂದಿನ ಮುಚ್ಚಳ ತೆಗೆದರೆ ಮುಗಿಯೋ ಕೆಲಸ. ಈಗ ಹಿಂದಿನ ಗಾಜಿಗೆ ಗಮ್ ಹಾಕಿರುತ್ತಾರೆ. ಫೋನನ್ನು ಹೀಟ್ ಮಷೀನ್ ಮೇಲೆ ಇಟ್ಟು, ಗಮ್ ಮೆತ್ತಗಾದ ಮೇಲೆ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಸುತ್ತಲೂ ಮೆಲ್ಲಗೆ ಎಬ್ಬಿಸಬೇಕು. ಒಳಗೆ ಬ್ಯಾಟರಿಗೂ ಗಮ್. ಉಬ್ಬಿದ ಬ್ಯಾಟರಿ ಆದರೆ ಕೈ ಇನ್ನೂ ಹುಷಾರಾಗಿರಬೇಕು, ಚೂಪಾದದ್ದು ತಾಗಿದರೆ ಬೆಂಕಿ ಹತ್ತುತ್ತೆ. ಎರಡು ಮೂರು ವರ್ಷಕ್ಕೆ ಸವೆದೇ ಸವೆಯುವ ಭಾಗವನ್ನು ಇಷ್ಟು ಬಿಗಿಯಾಗಿ ಅಂಟಿಸಿದ್ದು ಯಾರ ಒಳ್ಳೇದಕ್ಕೆ? ಯುರೋಪಿನಲ್ಲಿ ಇದಕ್ಕೆ ಕಾನೂನೇ ಮಾಡಿದ್ದಾರೆ. 2027ರ ಫೆಬ್ರವರಿಯಿಂದ ಅಲ್ಲಿ ಮಾರೋ ಸಾಧನಗಳ ಬ್ಯಾಟರಿಯನ್ನು ಕೆಲವು ವಿನಾಯಿತಿ ಬಿಟ್ಟರೆ ಬಳಸುವವರೇ ಬದಲಾಯಿಸೋ ಹಾಗಿರಬೇಕು. ನಮ್ಮಲ್ಲೂ ಬರಲಿ. ಅಲ್ಲಿಯವರೆಗೆ ಫೋನ್ ತಗೊಳ್ಳುವಾಗ ಕ್ಯಾಮೆರಾ ಮೆಗಾಪಿಕ್ಸೆಲ್ ಬಿಟ್ಟು, ಅಪ್‌ಡೇಟ್ ಎಷ್ಟು ವರ್ಷ ಕೊಡ್ತಾರೆ, ಸ್ಪೇರ್ ಸಿಗುತ್ತಾ ಅಂತ ಕೇಳಿ. ಗೂಗಲ್ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ ಎಸ್24ರಿಂದ ಏಳು ವರ್ಷ ಅಪ್‌ಡೇಟ್ ಅಂತ ಮಾತು ಕೊಟ್ಟಿವೆ. ಇದು ನಿಜವಾಗಿ ಒಳ್ಳೆ ಬೆಳವಣಿಗೆ.

ನಮ್ಮ ಕಡೆಯ ಒಳ್ಳೆ ಗ್ಯಾಜೆಟ್ ಯಾವುದು ಅಂದರೆ ನಾನು ಫೋನ್ ಹೆಸರು ಹೇಳಲ್ಲ, ಮೊಬೈಲ್ ಸ್ಟಾರ್ಟರ್ ಅನ್ನುತ್ತೇನೆ. ಪಂಪ್‌ಹೌಸ್ ಗೋಡೆಗೆ ಹೊಡೆದ ಚಿಕ್ಕ ಡಬ್ಬಿ, ಒಳಗೊಂದು ಸಿಮ್, ಮೇಲೆ ಗಿಡ್ಡ ಆಂಟೆನಾ. ಮನೆಯಲ್ಲೇ ಕೂತು ಫೋನ್ ಮಾಡಿದರೆ ಬೋರಿನ ಮೋಟರ್ ಶುರುವಾಗುತ್ತೆ. ನೀರು ನಿಂತರೆ, ಒಂದು ಫೇಸ್ ಹೋದರೆ ಮೋಟರ್ ಆಫ್ ಮಾಡಿ ತಿಳಿಸುತ್ತೆ. ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದಾಗ ಕರಡಿ, ಹಾವು ಅಂತ ಹೆದರಿಕೊಂಡು ಟಾರ್ಚ್ ಹಿಡಿದು ತೋಟಕ್ಕೆ ಹೋಗೋದನ್ನು ಈ ಡಬ್ಬಿ ತಪ್ಪಿಸಿದೆ. ನಾಲ್ಕು ಸ್ಕ್ರೂ ಬಿಚ್ಚಿದರೆ ಒಳಗಿನದೆಲ್ಲಾ ಕಾಣುತ್ತೆ. ಸಾಮಾನ್ಯವಾಗಿ ಸುಡೋದು ರಿಲೇ ಅನ್ನೋ ಸ್ವಿಚ್, ಅದನ್ನು ಬದಲಾಯಿಸಿದರೆ ಮತ್ತೆ ವರ್ಷಗಟ್ಟಲೆ ನಡೆಯುತ್ತೆ.

ಗೇಮಿನ ಬಗ್ಗೆ ಜಾಸ್ತಿ ಹೇಳೋಕೆ ಇಲ್ಲ. ಆಟ ಆಡಿ ಮಕ್ಕಳು ಕೆಡ್ತಾರೆ ಅನ್ನೋದನ್ನು ನಾನು ಒಪ್ಪಲ್ಲ. ನನ್ನ ಸಿಟ್ಟು ಬೇರೆ. ದುಡ್ಡು ಕೊಟ್ಟು ತಗೊಂಡ ಆಟ ನಮ್ಮದಾಗಿ ಉಳಿಯಲ್ಲ. 2020ರಲ್ಲಿ ಪಬ್‌ಜಿ ಬ್ಯಾನ್ ಆಗಿ ಅಕ್ಟೋಬರ್ ಕೊನೆಗೆ ಸರ್ವರ್ ನಿಂತಾಗ, ಫೋನಲ್ಲಿ ಆಟ ಇದ್ದೂ ಆಡೋಕೆ ಆಗಲಿಲ್ಲ. ಅದು ಸರ್ಕಾರದ ನಿರ್ಧಾರ ಅನ್ನಿ. ಆದರೆ 2014ರಲ್ಲಿ ಬಂದ ‘ದ ಕ್ರೂ’ ಅನ್ನೋ ಕಾರ್ ರೇಸ್ ಆಟವನ್ನು ಯೂಬಿಸಾಫ್ಟ್ ಕಂಪನಿಯೇ 2024ರ ಮಾರ್ಚ್ 31ಕ್ಕೆ ಮುಚ್ಚಿತು. ಒಬ್ಬರೇ ಆಡೋ ಭಾಗವೂ ಸರ್ವರ್ ಇಲ್ಲದೆ ತೆರೆಯಲ್ಲ. ಇದರಿಂದಲೇ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಹುಟ್ಟಿ, ಯುರೋಪಿನಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಸಹಿ ಬಿತ್ತು. ಟಿವಿಗೆ ಹಾಕೋ ಹಳೇ ಕ್ಯಾಸೆಟ್ ಗೇಮ್ ಇವತ್ತೂ ಊದಿ ತೂರಿಸಿದರೆ ಓಡುತ್ತೆ. ಕಂಪ್ಯೂಟರ್ ಇದ್ದರೆ ಇಂಟರ್ನೆಟ್ ಇಲ್ಲದೆ ನಡೆಯೋ ಆಟ ತಗೊಳ್ಳಿ. ಆಟ ಮಾರೋ ಜಿಓಜಿ ವೆಬ್‌ಸೈಟ್ ಅಂಥ ಕಡೆ ಇನ್‌ಸ್ಟಾಲ್ ಫೈಲೇ ಕೊಡುತ್ತಾರೆ, ಪೆನ್‌ಡ್ರೈವಿಗೆ ಹಾಕಿ ಇಟ್ಟುಕೊಳ್ಳಬಹುದು.

ಈಗ ಕೈಗಾ. ಉತ್ತರ ಕನ್ನಡದಲ್ಲಿ, ಕಾಳಿ ನದಿಯ ಕದ್ರಾ ಜಲಾಶಯದ ದಡದಲ್ಲಿದೆ. 220 ಮೆಗಾವ್ಯಾಟಿನ ನಾಲ್ಕು ಘಟಕ. ಒಂದನೇ ಘಟಕದ ಕೆಲಸ 1989ರಲ್ಲಿ ಶುರುವಾಯ್ತು. 1994ರಲ್ಲಿ, ಇನ್ನೂ ಕಟ್ಟುತ್ತಿರುವಾಗಲೇ, ಅದರ ರಿಯಾಕ್ಟರ್ ಕಟ್ಟಡದ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ಕೆಲಸ ನಿಲ್ಲಿಸಿ, ವಿನ್ಯಾಸ ತಿದ್ದಿ, ಮತ್ತೆ ಕಟ್ಟಿದರು. 2000ದಲ್ಲಿ ವಿದ್ಯುತ್ ಕೊಡೋಕೆ ಶುರು ಮಾಡಿತು. ಅದೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ, 962 ದಿನ, ಒಂದು ಸಲವೂ ನಿಲ್ಲದೆ ಓಡಿತು. ಆಗ ಅದು ವಿಶ್ವದಾಖಲೆ. ಆಮೇಲೆ ಕೆನಡಾದ ಡಾರ್ಲಿಂಗ್ಟನ್ ಅದನ್ನು ಮುರಿಯಿತು, ಅದೂ ಕೈಗಾದ ಹಾಗೆ ಭಾರಜಲ, ಅಂದರೆ ಭಾರವಾದ ಹೈಡ್ರೋಜನ್ ಇರೋ ನೀರು, ಬಳಸೋ ಜಾತಿಯ ರಿಯಾಕ್ಟರ್.

ಇಷ್ಟು ದಿನ ಓಡೋಕೆ ಕಾರಣ ಇದೆ. ಈ ರಿಯಾಕ್ಟರಿನಲ್ಲಿ ಇಂಧನ ಒಂದೇ ದೊಡ್ಡ ಪಾತ್ರೆಯಲ್ಲಿ ಇರಲ್ಲ, ಅಡ್ಡಡ್ಡ ಕೊಳವೆಗಳಲ್ಲಿ ಇರುತ್ತೆ. ಯಂತ್ರ ಓಡುತ್ತಿರುವಾಗಲೇ ಒಂದು ತುದಿಯಿಂದ ಹೊಸ ಇಂಧನದ ಕಟ್ಟು ತಳ್ಳಿ, ಇನ್ನೊಂದು ತುದಿಯಿಂದ ಹಳೇದನ್ನು ತೆಗೆಯುತ್ತಾರೆ. ಇಂಧನ ತುಂಬೋಕೆ ಅಂತ ಆಫ್ ಮಾಡಬೇಕಾಗಿಲ್ಲ. ಯುರೇನಿಯಂ ಕೂಡ ಗಣಿಯಿಂದ ಬಂದದ್ದನ್ನು ಶುದ್ಧ ಮಾಡಿದರೆ ಸಾಕು, ಸಂವರ್ಧನೆ, ಅಂದರೆ ಸುಲಭವಾಗಿ ಸೀಳೋ ಜಾತಿಯ ಯುರೇನಿಯಮ್ಮಿನ ಪಾಲು ಹೆಚ್ಚಿಸೋ ಕೆಲಸ, ಬೇಕಿಲ್ಲ. ಇಂಥ ಒಂದು ಕಿಲೋ ಯುರೇನಿಯಮ್ಮಿನಿಂದ ಸುಮಾರು 45 ಸಾವಿರ ಯೂನಿಟ್ ಬರುತ್ತೆ. ತಿಂಗಳಿಗೆ 100 ಯೂನಿಟ್ ಉರಿಸೋ ಮನೆಗೆ ಅದು 35 ವರ್ಷಕ್ಕಿಂತ ಜಾಸ್ತಿ. ಅಷ್ಟೇ ಕರೆಂಟಿಗೆ ಸುಮಾರು 30 ಟನ್ ಕಲ್ಲಿದ್ದಲು ಸುಡಬೇಕು, ಉಳಿಯೋ ಬೂದಿಯೇ ಹತ್ತು ಟನ್ನಿನ ಹತ್ತಿರ. ಬಳ್ಳಾರಿ ಹತ್ತಿರ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಇರೋ ಕುಡುತಿನಿ ಕಡೆ ಹೋದವರಿಗೆ ಬೂದಿ ಅಂದರೇನು ಅಂತ ಗೊತ್ತು.

‘ನಮ್ಮಲ್ಲಿ ಗಾಳಿ ಇದೆ, ಬಿಸಿಲಿದೆ, ಅಣು ಯಾಕೆ?’ ಅಂತ ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ಫ್ಯಾನುಗಳನ್ನು ಹೈವೇಯಿಂದ ನೋಡೋಕೆ ನನಗೂ ಖುಷಿ. ಚಳ್ಳಕೆರೆ ದಾಟಿ ಹೋದರೆ ಪಾವಗಡದ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್. ಇವೆರಡೂ ಇನ್ನಷ್ಟು ಬರಬೇಕು. ಆದರೆ ನಮ್ಮ ಗಾಳಿಯ ಜೋರು ಮುಂಗಾರಿನ ತಿಂಗಳುಗಳಲ್ಲಿ. ಸೋಲಾರ್ ಸಂಜೆ ಆರಕ್ಕೆ ಮಲಗುತ್ತೆ. ಶರಾವತಿ ಮಳೆಯನ್ನೇ ನಂಬಿದೆ. 2023ರ ಬರದಲ್ಲಿ ಮಳೆ ಕೈಕೊಟ್ಟು, ಅಕ್ಟೋಬರಿನಲ್ಲಿ ಪಂಪ್‌ಸೆಟ್ಟಿಗೆ ಏಳು ಗಂಟೆ ಕರೆಂಟ್ ಕೊಡೋಕೂ ಆಗದೆ ಐದಕ್ಕೆ ಇಳಿಸಿದ್ದು ನೆನಪಿದೆಯಲ್ಲ? ಅಡಿಕೆಗೆ ನೀರು ಬೇಕಾದ ಹೊತ್ತಿಗೇ ಅದು ಆಗಿದ್ದು. ಮಳೆ, ಗಾಳಿ, ಬಿಸಿಲು ಮೂರನ್ನೂ ಕಾಯದೆ ನಡೆಯೋದು ಒಂದಾದರೂ ಬೇಕು, ಅದು ಕಲ್ಲಿದ್ದಲು ಆಗಬಾರದು ಅನ್ನೋದಷ್ಟೇ ನನ್ನ ವಾದ.

ವಿರೋಧ ಮಾಡಿದವರನ್ನು ನಾನು ಹಗುರವಾಗಿ ಕಾಣಲ್ಲ. ಶಿವರಾಮ ಕಾರಂತರು ಕೈಗಾ ಬೇಡ ಅಂತ 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತಿದ್ದರು. ಕಾಡು ಹೋಯಿತು, ಅದು ನಿಜವಾದ ನಷ್ಟ. ಚೆರ್ನೋಬಿಲ್, ಫುಕುಶಿಮಾ ಆಗಿವೆ. ರಿಯಾಕ್ಟರ್ ಆಫ್ ಮಾಡಿದ ಮೇಲೂ ಇಂಧನ ಬಿಸಿ ಉಗುಳುತ್ತಲೇ ಇರುತ್ತೆ, ತಂಪು ಮಾಡೋ ವ್ಯವಸ್ಥೆ ತಪ್ಪಿದರೆ ಅಪಾಯ. ಇದು ಕೈಗಾಕ್ಕೂ ಅನ್ವಯಿಸುತ್ತೆ. ಬಳಸಿದ ಇಂಧನವನ್ನು ಮರುಸಂಸ್ಕರಿಸಿ, ಉಳಿದ ವಿಕಿರಣ ತ್ಯಾಜ್ಯವನ್ನು ಗಾಜಿನಲ್ಲಿ ಕರಗಿಸಿ ಗಟ್ಟಿ ಮಾಡಿಡೋ ವಿಧಾನ ನಮ್ಮ ದೇಶದಲ್ಲಿದೆ. ಅದನ್ನು ತಲೆಮಾರುಗಟ್ಟಲೆ ಕಾಯಬೇಕು. ಕಲ್ಲಿದ್ದಲಿನ ಹೊಗೆಯನ್ನು ನಾವು ಹಾಗೆ ಕಾಯೋದೇ ಇಲ್ಲ ಅಲ್ವಾ, ಗಾಳಿಗೆ ಬಿಟ್ಟುಬಿಡುತ್ತೇವೆ.

ನನಗೆ ನಿಜವಾಗಿ ಚಿಂತೆ ಇರೋದು ಮುಚ್ಚುಮರೆಯ ಬಗ್ಗೆ. 2009ರ ನವೆಂಬರಿನಲ್ಲಿ ಕೈಗಾದ ಕುಡಿಯೋ ನೀರಿನ ಕೂಲರಿಗೆ ಟ್ರಿಟಿಯಂ (ವಿಕಿರಣ ಸೂಸೋ ಹೈಡ್ರೋಜನ್) ಇದ್ದ ಭಾರಜಲ ಸೇರಿ, ಹಲವು ಕೆಲಸಗಾರರ ಮೂತ್ರ ಪರೀಕ್ಷೆಯಲ್ಲಿ ಅದು ಕಂಡಿತ್ತು. ಯಾರೋ ಬೇಕಂತಲೇ ಮಾಡಿದ್ದು ಅಂತ ಅಧಿಕಾರಿಗಳೇ ಹೇಳಿದ್ದರು. ಗೊತ್ತಾಗಿದ್ದು ಪರೀಕ್ಷೆ ನಿಯಮದಂತೆ ನಡೆಯುತ್ತಿದ್ದರಿಂದ. ಅಲ್ಲಿ 700 ಮೆಗಾವ್ಯಾಟಿನ ಇನ್ನೆರಡು ಘಟಕ, ಐದು ಮತ್ತು ಆರು, ಬರಲಿವೆ. ನಾನು ಅದರ ಪರ. ಸುತ್ತಲಿನ ನೀರು, ಹಾಲು, ಮೀನು ಪರೀಕ್ಷೆ ಮಾಡೋಕೆ ಅಲ್ಲೇ ಪರಿಸರ ಪ್ರಯೋಗಾಲಯ ಇದೆ. ಅದರ ಅಂಕಿಗಳು ಪ್ರತಿ ತಿಂಗಳೂ ಕನ್ನಡದಲ್ಲಿ, ಕದ್ರಾ ಸುತ್ತಲಿನ ಪಂಚಾಯ್ತಿ ಬೋರ್ಡಿನಲ್ಲಿ ಇರಬೇಕು. ಪರ ಇರೋ ನಮ್ಮಂಥವರೇ ಇದನ್ನು ಮೊದಲು ಕೇಳಬೇಕು.