ಊರಿನ ಶಾಸನ, ಹಳೆಯ ಪತ್ರಗಳನ್ನು ಮರುಮುದ್ರಿಸಿ ಪ್ರದರ್ಶಿಸುವ ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಊರಿನವರೇ ಕೂಡಿ ಹಳೆಯ ಶಾಸನಗಳನ್ನೂ ಕಂದಾಯದ ಪತ್ರಗಳನ್ನೂ ಪುಸ್ತಕವಾಗಿ ತಂದು ಪ್ರದರ್ಶನವಿಡುವುದಾದರೆ ಮೊದಲು ಏನು ಮಾಡಬೇಕು, ಅನುಮತಿಯ ತೊಡಕಿದೆಯೇ ಎಂದು ಕೇಳಿದ್ದೀರಿ. ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ನಮ್ಮ ಊರಿನಲ್ಲಿ ಇಂಥ ಕೆಲಸಕ್ಕೆ ಕೈಹಾಕಿ, ನಡುವೆ ಎಡವಿ, ಹೇಗೋ ಮುಗಿಸಿದವರಲ್ಲಿ ನಾನೂ ಒಬ್ಬ.

ಮೊದಲು, ಹಳೆಯ ಮೈಸೂರು ಸಂಸ್ಥಾನದ ಶಾಸನಗಳನ್ನು ಜಿಲ್ಲಾವಾರು ಸಂಗ್ರಹಿಸಿದ ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೆಯ ಸಂಪುಟವನ್ನು ತೆರೆಯಿರಿ. 1905ರಲ್ಲಿ ಪ್ರಕಟವಾದ ಅದು ಆಗಿನ ಕೋಲಾರ ಜಿಲ್ಲೆಯದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಆದ್ದರಿಂದ ಗೌರಿಬಿದನೂರು, ಬಾಗೇಪಲ್ಲಿ ಕಡೆಯ ಶಾಸನಗಳೂ ಅದರಲ್ಲೇ ಸಿಗುತ್ತವೆ. ನೀವು ತುಮಕೂರಿನವರಾದರೆ 12ನೆಯ ಸಂಪುಟ. ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆಯಿರುವುದರಿಂದ ಹುಡುಕುವುದು ಕಷ್ಟವಲ್ಲ, ಬಂಗಾರಪೇಟೆಯನ್ನು ಮಾತ್ರ ಬೌರಿಂಗ್‌ಪೇಟೆ ಎಂಬ ಹೆಸರಿನಲ್ಲಿ ನೋಡಬೇಕು. ಸರ್ಕಾರಿ ಪ್ರಕಟಣೆಗಳಿಗೆ ಹಕ್ಕುಸ್ವಾಮ್ಯ 60 ವರ್ಷ, ಅದೆಂದೋ ತೀರಿದೆ. ಇತ್ತೀಚಿನ ವಿದ್ವಾಂಸರು ಶಾಸನವನ್ನು ಓದಿ ಕೊಟ್ಟ ಪಾಠವನ್ನೋ ಅನುವಾದವನ್ನೋ ಬಳಸುವಿರಾದರೆ ಒಪ್ಪಿಗೆ ಪಡೆಯಬೇಕಾಗುತ್ತದೆ.

ನಾವು ಎಡವಿದ್ದು ಪಾಠದಲ್ಲಿ. ಕೆರೆ ಕಟ್ಟಿಸಿದವನಿಗೆ ಗದ್ದೆ ಬಿಟ್ಟುಕೊಟ್ಟ, ಅಂದರೆ ಕಟ್ಟುಕೊಡಗೆಯ, ಶಾಸನವೊಂದನ್ನು ಬೆರಳಚ್ಚು ಮಾಡಿದ ಹುಡುಗ ‘ಕೆಱೆ’ ಎಂದಿದ್ದಲ್ಲೆಲ್ಲ, ಒಳ್ಳೆಯ ಮನಸ್ಸಿನಿಂದಲೇ, ‘ಕೆರೆ’ ಎಂದು ತಿದ್ದಿಬಿಟ್ಟಿದ್ದ. ಕರಡು ನೋಡಿದ ನಮಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಅಚ್ಚಾದ ಮೇಲೆ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಆ ಸಾಲಿನ ಮೇಲೆ ಬೆರಳಿಟ್ಟು, ಹಳಗನ್ನಡದ ಱಕಾರ, ೞಕಾರಗಳು ಎಲ್ಲಿ ಉಳಿದಿವೆ, ಎಲ್ಲಿ ರ, ಳಗಳೊಡನೆ ಬೆರೆತಿವೆ ಎಂಬುದರಿಂದಲೇ ತೇದಿಯಿಲ್ಲದ ಶಾಸನದ ಕಾಲಕ್ಕೆ ಒಂದು ಸುಳಿವು ಸಿಗುತ್ತದೆ, ನೀವು ಅದನ್ನೇ ಒರೆಸಿ ಹಾಕಿದ್ದೀರಿ ಎಂದರು. ಪ್ರತಿಯೊಂದು ಪುಸ್ತಕಕ್ಕೂ ತಿದ್ದೋಲೆ ಅಂಟಿಸುತ್ತ ಎರಡು ರಾತ್ರಿ ಕೂತೆವು. ಆದ್ದರಿಂದ ಮೂಲ ಹೇಗಿದೆಯೋ ಹಾಗೆಯೇ ಅಚ್ಚು ಹಾಕಿಸಿ; ನಿಮ್ಮ ಅರ್ಥವಿವರಣೆ ಕೆಳಗೆ, ಬೇರೆಯಾಗಿ ಇರಲಿ. ಕ್ರಿ.ಶ. ವರ್ಷ ತಿಳಿಯಲು ಶಕವರ್ಷಕ್ಕೆ ಸಾಮಾನ್ಯವಾಗಿ 78 ಕೂಡಿಸುತ್ತೇವಾದರೂ ಮಾಘ, ಫಾಲ್ಗುಣದ ತಿಥಿಗಳಿಗೆ 79 ಕೂಡಿಸಬೇಕಾಗುತ್ತದೆಂಬುದೂ ನೆನಪಿರಲಿ.

ಕಲ್ಲಿನ ಅಕ್ಷರಗಳಿಗೆ ಸೀಮೆಸುಣ್ಣ, ಬಣ್ಣ ತುಂಬಬೇಡಿ. ಕತ್ತಲಾದ ಮೇಲೆ ಟಾರ್ಚನ್ನು ಒಂದು ಪಕ್ಕದಿಂದ ಓರೆಯಾಗಿ ಹಿಡಿದರೆ ಹಗಲಲ್ಲಿ ಕಾಣದ ಅಕ್ಷರವೂ ಎದ್ದು ಬರುತ್ತದೆ, ಆಗ ಫೋಟೋ ತೆಗೆಯಿರಿ.

ಶಾನುಭೋಗರ ಮನೆಗಳ ಅಟ್ಟದಲ್ಲಿ ಕಡತ ಸಿಕ್ಕರೆ ಅದು ಭಾಗ್ಯವೇ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆದ ಆ ಲೆಕ್ಕ ಒದ್ದೆ ಕೈ ಸೋಕಿದರೂ ಅಳಿಸುತ್ತದೆ. ಮನೆಯವರ ಎದುರಿಗೇ ಪ್ರತಿ ಮಡಿಕೆಯ ಚಿತ್ರ ತೆಗೆದುಕೊಂಡು, ಮೂಲವನ್ನು ಅಲ್ಲೇ ಬಿಟ್ಟುಬನ್ನಿ. ಕಾಗದದ ಪತ್ರಗಳನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಸಾಲ, ಭೋಗ್ಯದ ಪತ್ರಗಳಲ್ಲಿ ಯಾರದೋ ಅಜ್ಜನ ಹೆಬ್ಬೆಟ್ಟಿರುತ್ತದೆ, ಅಂಥವನ್ನು ಆ ಮನೆಯವರನ್ನು ಕೇಳದೆ ಗೋಡೆಗೇರಿಸುವುದು ಸಲ್ಲದು.

ಪ್ರದರ್ಶನವನ್ನು ನಾವು ದೇವಸ್ಥಾನದ ಜಗಲಿಯಲ್ಲಿ, ಜಾತ್ರೆಯ ಮರುದಿನ ಇಟ್ಟೆವು. ಮನೆಯಲ್ಲಿ ತೆಲುಗಾಡುವ ಹಿರಿಯರೇ ಹೆಚ್ಚಾದ್ದರಿಂದ ಪಕ್ಕದಲ್ಲಿ ನಿಂತು ಓದಿ ಹೇಳುವವರು ಬೇಕಾಯಿತು. ಕಟ್ಟುಕೊಡಗೆಯ ಶಾಸನದಲ್ಲಿ ಬರುವ ಗದ್ದೆಯ ಹೆಸರು ಕೇಳಿದೊಡನೆ ಒಬ್ಬ ಅಜ್ಜಿ, ಅದು ತೂಬಿನ ಕೆಳಗಿನ ತಮ್ಮದೇ ಗದ್ದೆಯೆಂದು ಹೇಳಿ, ಅದರ ನಾಲ್ಕೂ ಎಲ್ಲೆಗಳನ್ನು ಕೈಮಾಡಿ ತೋರಿಸಿದರು. ನಾವು ಬರೆದುಕೊಳ್ಳಲು ಪುಸ್ತಕ ಇಟ್ಟಿರಲಿಲ್ಲ, ಆಮಂತ್ರಣಪತ್ರದ ಹಿಂಬದಿಯಲ್ಲಿ ಗೀಚಿಕೊಂಡೆವು. ನೀವು ಮೇಜಿನ ಮೇಲೆ ಒಂದು ದಪ್ಪ ನೋಟ್‌ಬುಕ್ ಇಟ್ಟಿರಿ.