ಇಂಟರ್‌ಸ್ಟೆಲ್ಲರ್ ಸಂಗೀತ: ಸ್ಪೀಕರ್ ಕೆಟ್ಟಿರಲಿಲ್ಲ

ಇಂಟರ್‌ಸ್ಟೆಲ್ಲರ್ ಸಿನಿಮಾದ ರೀ-ರಿಲೀಸ್‌ನಲ್ಲಿ ಸಂಗೀತದ ಅಬ್ಬರಕ್ಕೆ ಡೈಲಾಗೇ ಕೇಳಿಸಲಿಲ್ಲ, ಥಿಯೇಟರ್ ಸ್ಪೀಕರ್ ಕೆಟ್ಟಿತ್ತಾ ಅಂತ ಕೇಳಿದ್ದೀರಿ. ಕೆಟ್ಟಿರಲಿಕ್ಕಿಲ್ಲ. 2014ರಲ್ಲಿ ಮೊದಲು ಬಂದಾಗಲೂ ಇದೇ ದೂರು ಇತ್ತು. ಬೇಕಂತಲೇ ಹಾಗೆ ಮಿಕ್ಸ್ ಮಾಡಿದ್ದು ಅಂತ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಅವರೇ ಆಗ ಸಮರ್ಥಿಸಿಕೊಂಡಿದ್ದರು. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ. ನೌಕೆಯನ್ನು ಇನ್ನೊಂದು ನೌಕೆಗೆ ಜೋಡಿಸುವ ಡಾಕಿಂಗ್ ದೃಶ್ಯದಲ್ಲಿ ಮಾತು ಮುಳುಗಿದರೆ ಏನೂ ನಷ್ಟವಿಲ್ಲ. ಆದರೆ ವಿಜ್ಞಾನಿ ಪ್ರೊಫೆಸರ್ ಬ್ರ್ಯಾಂಡ್ ಸಾಯುವಾಗ ಹೇಳೋದು ಇಡೀ ಕಥೆಯ ಗುಟ್ಟು, ಅದು ಕೇಳಿಸಲೇಬೇಕಿತ್ತು.

ಆ ಸಂಗೀತ ಸಿಂಥಸೈಜರ್ ಅನ್ನೋ ಎಲೆಕ್ಟ್ರಾನಿಕ್ ವಾದ್ಯದ್ದಾ ಅಂತಲೂ ಕೇಳಿದಿರಲ್ಲ, ಅಲ್ಲ. ಲಂಡನ್ನಿನ ಟೆಂಪಲ್ ಚರ್ಚ್‌ನ ನಿಜವಾದ ಪೈಪ್ ಆರ್ಗನ್. ನುಡಿಸಿದವರು ಆಗ ಅಲ್ಲಿನ ಆರ್ಗನಿಸ್ಟ್ ಆಗಿದ್ದ ರೋಜರ್ ಸೇಯರ್. ಕೊಳವೆಗೆ ಗಾಳಿ ಹೋದರೇನೇ ಸ್ವರ, ಅಂದರೆ ವಾದ್ಯವೇ ಉಸಿರಾಡುತ್ತೆ. ಗಾಳಿಯಿಲ್ಲದ ಬಾಹ್ಯಾಕಾಶದ ಕಥೆಗೆ ಸಂಗೀತ ನಿರ್ದೇಶಕ ಹ್ಯಾನ್ಸ್ ಝಿಮ್ಮರ್ ಇದನ್ನೇ ಆರಿಸಿದ್ದು ನನಗಂತೂ ಭಾರಿ ಇಷ್ಟ. ಮೊದಲ ರಾಗ ಕಟ್ಟುವಾಗ ಅವರಿಗೆ ಇದು ಬಾಹ್ಯಾಕಾಶದ ಸಿನಿಮಾ ಅಂತಲೇ ಗೊತ್ತಿರಲಿಲ್ಲ. ನೋಲನ್ ಕೊಟ್ಟಿದ್ದ ಒಂದು ಪುಟದಲ್ಲಿ ಇದ್ದದ್ದು ಬರೀ ತಂದೆ-ಮಗುವಿನ ವಿಷಯ.

ಇನ್ನು ಸಿನಿಮಾದ ನೀರಿನ ಗ್ರಹದ ದೃಶ್ಯದಲ್ಲಿ ಸಂಗೀತದೊಳಗೆ ಕೇಳಿಸುವ ಆ ಟಿಕ್ ಟಿಕ್. ಒಂದೊಂದು ಟಿಕ್‌ಗೂ ಭೂಮಿಯಲ್ಲಿ ಒಂದು ದಿನ ಅಂತ ಅಭಿಮಾನಿಗಳು ಹೇಳ್ತಾರೆ. ಅಲ್ಲಿ ಒಂದು ಗಂಟೆ ಅಂದರೆ ಇಲ್ಲಿ 7 ವರ್ಷ, ಹಾಗಾಗಿ ಇಲ್ಲಿನ ಒಂದು ದಿನಕ್ಕೆ ಅಲ್ಲಿ ಸುಮಾರು 1.4 ಸೆಕೆಂಡ್. ಟಿಕ್ ಅದಕ್ಕಿಂತ ಸ್ವಲ್ಪ ಬೇಗ ಬೀಳುತ್ತೆ, ಹಾಗಾಗಿ ಲೆಕ್ಕ ಪಕ್ಕಾ ಅಲ್ಲ. ಆದರೂ ಮುಂದಿನ ಸಲ ಹೆಡ್‌ಫೋನ್ ಹಾಕಿಕೊಂಡು ಕೇಳಿ.